ಹೊಲಕ್ಕ ಎಟಿವಿ ತಗೋಬೇಕಂತೀನಿ: ಎರಿ, ಮಸಾರಿ ಎರಡೂ ಇರೋರು ಯಾವುದು ನೋಡಬೇಕು?

ಗುಡ್ಡದ ಬುಡ (ಮುಂಡರಗಿ)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಹೊಲ ಕಪ್ಪತಗುಡ್ಡದ ಬುಡಕ್ಕ ಐತಿ, ಒಟ್ಟು 24 ಎಕರೆ. 14 ಎಕರೆ ಮಸಾರಿ (ಕೆಂಪು ಮಣ್ಣು), ಅದರಾಗ ಲಿಂಬಿ, ಮಾವು, ಒಂದು 40 ಆಡಿನ ದೊಡ್ಡಿ. ಉಳಿದ 10 ಎಕರೆ ಎರಿ (ಕಪ್ಪು ಮಣ್ಣು). ಅದು ಹಳ್ಳದ ಆ ಕಡೆ, ಮನಿಯಿಂದ 3 ಕಿಲೋಮೀಟರ್. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡ್ಲಿ, ಬಿಳಿಜೋಳ.

ಮನ್ಯಾಗ ಒಂದು ಹಳೇ ಟ್ರ್ಯಾಕ್ಟರ್ ಐತಿ, ಒಂದು ಸ್ಪ್ಲೆಂಡರ್ ಐತಿ. ಹೋದ ಮಳಿಗಾಲದಾಗ ಅಪ್ಪ ಕೆಸರಿನಾಗ ಬೈಕ್ ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡ್ಕೊಂಡ. ವಯಸ್ಸು 64. ಬಿದ್ದಾಗಿಂದ ಬೈಕ್ ಹತ್ತಂಗಿಲ್ಲ, ಮನ್ಯಾಗ ಕೂಡಂಗೂ ಇಲ್ಲ, ನಡ್ಕೋತ ಹೊಂಟಬಿಡ್ತಾನ.

ಒಂದು ರೆಸಾರ್ಟಿನಾಗ ಎಟಿವಿ ಅಂತಾರಲ್ಲ, ಆ ನಾಲ್ಕು ಗಾಲಿ ಬೈಕ್ ಓಡಿಸಿದೆ. ಮಣ್ಣು, ತಗ್ಗು, ದಿನ್ನಿ ಏನೂ ನೋಡಲಿಲ್ಲ, ಹತ್ತಿಬಿಡ್ತು. ಇಂಥಾದ್ದೊಂದು ಇದ್ರ ಅಪ್ಪನೂ ಅಡ್ಡಾಡ್ತಾನ, ನಾನೂ ಮೇವು, ಗೊಬ್ಬರ, 200 ಲೀಟರ್ ಎಣ್ಣಿ (ಔಷಧ) ಹೊಡಿಯೋ ಟ್ಯಾಂಕ್ ಒಯ್ಯಬಹುದು ಅಂತ ತಲ್ಯಾಗ ಕುಂತೈತಿ. ಕೈಯಾಗ ಎಂಟು ಲಕ್ಷದ ತನಕ ಐತಿ. ಯಾರರೆ ಹೊಲಕ್ಕ ಇಟ್ಟಾರೇನು? ಯಾವುದು ತಗೋಬೇಕು?

ಎರಿಹೊಲ (ನವಲಗುಂದ)

ಅಣ್ಣಾರ, ರೆಸಾರ್ಟಿನ ಮಣ್ಣು ರೊಕ್ಕಾ ಕೊಟ್ಟು ಆಡೋ ಮಣ್ಣು. ನಮ್ಮ ಎರಿ ಹಂಗಲ್ರಿ. ಬೆಣ್ಣಿಹಳ್ಳದ ದಂಡಿಮ್ಯಾಗ ಒಂದು ಹದಾ ಮಳಿ ಆದ ಮ್ಯಾಲೆ ಚಪ್ಪಲಿ ಹಾಕ್ಕೊಂಡು ಹತ್ತು ಹೆಜ್ಜಿ ಇಡ್ರಿ, ಒಂದೊಂದು ಕಾಲಿಗೆ ಎರಡೆರಡು ಕೆಜಿ ಆಗಿರ್ತೈತಿ. ಎತ್ತು ನಿಂತ ಹೊಲದಾಗ ನಿಮ್ಮ ಎಟಿವಿ ಏನ್ ಮಾಡೀತು?

ಗ್ಯಾರೇಜ್ (ಹುಬ್ಬಳ್ಳಿ)

ನವಲಗುಂದದ ಅಣ್ಣಾರು ಹೇಳಿದ್ದು ಅರ್ಧ ಖರೆ. ಆದ್ರ ಮೊದಲ ಒಂದು ಮಾತು ಬಿಡಿಸಿ ಹೇಳ್ತೀನಿ, ಯಾಕಂದ್ರ ಎಟಿವಿ ಅನ್ನೋ ಹೆಸರಿನಾಗ ಮೂರು ಬ್ಯಾರೆ ಬ್ಯಾರೆ ಸಾಮಾನು ಮಾರ್ತಾರ.

ಒಂದು, 110, 125 ಸಿಸಿದು. ಲಕ್ಷ, ಒಂದೂವರೆ ಲಕ್ಷಕ್ಕ ಸಿಗ್ತಾವ. ಚೈನ್, ಹಿಂದಿನ ಎರಡೇ ಗಾಲಿಗೆ ಎಳೆತ. ಇವು ಆಟಿಗಿ ಸಾಮಾನು. ನನ್ನ ಕಡೆ ಇಂಥಾ ಎರಡು ಬಂದಿದ್ವು, ಎರಡೂ ಹೊಲಕ್ಕ ಅಂತ ತಗೊಂಡಿದ್ದು. ಒಂದರ ಹಿಂದಿನ ಅಚ್ಚು ಗೊಬ್ಬರ ಹೇರಿದ ಮೂರನೇ ವಾರಕ್ಕ ಬಾಗಿತ್ತು. ಬಿಡಿಭಾಗ ಕೇಳಿದ್ರ ಮಾರಿದಾತ ಫೋನ್ ಎತ್ತಂಗಿಲ್ಲ.

ಎರಡನೇದು ಸ್ಪೋರ್ಟ್ಸ್. ಅದು ಓಟಕ್ಕ, ಹಾರಾಕ. ಬಿಡ್ರಿ ಅದನ್ನ.

ಮೂರನೇದು ಕೆಲಸದ್ದು. 400ರಿಂದ 600 ಸಿಸಿ, ನಾಲ್ಕೂ ಗಾಲಿಗೆ ಎಳೆತ, ಹೈ-ಲೋ ಗೇರ್, ರಿವರ್ಸ್, ಹಿಂದ-ಮುಂದ ಕಬ್ಬಣದ ರ್‍ಯಾಕ್. ಪೊಲಾರಿಸ್ ಕಂಪನಿಯವ್ರು ಸ್ಪೋರ್ಟ್ಸ್‌ಮನ್ 570 ಅನ್ನೋದನ್ನ, 567 ಸಿಸಿ, ನಮ್ಮ ದೇಶದಾಗ ಟ್ರ್ಯಾಕ್ಟರ್ ಅಂತ ಪಾಸ್ ಮಾಡಿಸಿ ಮಾರಾಕ ತಂದಿದ್ರು, ಬಂದಾಗ ಎಂಟು ಲಕ್ಷದ ಆಸುಪಾಸು ಇತ್ತು. ನೀವು ನೋಡೋದಾದ್ರ ಈ ಜಾತಿದ್ದು ನೋಡ್ರಿ.

ಈಗ ಭಾರದ ಲೆಕ್ಕ. ಈ ಅಳತಿ ಗಾಡಿಗೆ ಮುಂದಿನ ರ್‍ಯಾಕ್ ಮ್ಯಾಲೆ 40 ಕೆಜಿ, ಹಿಂದಿನದರ ಮ್ಯಾಲೆ 80 ಕೆಜಿ, ಅಷ್ಟ. ಡಿಎಪಿ ಚೀಲ ಒಂದಕ್ಕ 50 ಕೆಜಿ. ಎರಡು ಇಟ್ರ ಹಿಂದಿನ ರ್‍ಯಾಕಿನ ಮಿತಿ ದಾಟಿಬಿಡ್ತೈತಿ. ನಿಮ್ಮ 200 ಲೀಟರ್ ಟ್ಯಾಂಕ್ ಅಂದ್ರ ಬರೇ ನೀರೇ 200 ಕೆಜಿ. ಗಾಡಿ ಮ್ಯಾಲೆ ಇಡಾಕ ಬರೂದು 60 ಲೀಟರಿಂದು, ಅದಕ್ಕಿಂತ ದೊಡ್ಡದು ಬ್ಯಾಡ. ಅದಕ್ಕೂ ಒಂದು ತೊಡಕು ಐತಿ: ಟ್ಯಾಂಕ್ ಅರ್ಧ ಖಾಲಿ ಆದ ಮ್ಯಾಲೆ ಒಳಗ ನೀರು ಕುಲುಕ್ತೈತಿ, ಓರಿ ಜಾಗಾದಾಗ ಗಾಡಿನ ಆ ಕಡೆ ತಳ್ಳತೈತಿ. 200 ಲೀಟರ್ ಬೇಕಂದ್ರ ಹಿಂದ ಸಣ್ಣ ಟ್ರೇಲರ್ ಕಟ್ಟಬೇಕು. ಎಳಿಯೋದು ಐದಾರು ಕ್ವಿಂಟಾಲ್ ತನಕ ಎಳಿತೈತಿ, ಅದೂ ಸಪಾಟ ನೆಲದಾಗ.

ಗೇರ್ ಬಗ್ಗೆ: ಭಾಳಷ್ಟು ಇಂಥಾ ಗಾಡಿ ಬೆಲ್ಟ್ ಮ್ಯಾಲೆ ನಡೀತಾವ, ನಿಮ್ಮ ಮನಿ ಹೆಣ್ಮಕ್ಕಳ ಸ್ಕೂಟಿ ಇದ್ದಂಗ. ಹೈದಾಗ ಇಟ್ಟು ಸಾವಕಾಶ ಭಾರ ಎಳದ್ರ ಬೆಲ್ಟ್ ಜಾರಿ ಕಾಯ್ತೈತಿ, ಸುಟ್ಟ ರಬ್ಬರ್ ವಾಸನಿ ಬಂತಂದ್ರ ಖರ್ಚು ಬಂತು ಅಂತ ತಿಳ್ಕೋರಿ. ಭಾರ ಇದ್ರ, ದಿನ್ನಿ ಇದ್ರ ಲೋ. ಇದನ್ನ ನಿಮ್ಮ ಆಳುಮಕ್ಕಳಿಗೆ ಮೊದಲ ಕಲಸ್ರಿ.

ಎರಿ ಬಗ್ಗೆ: ಸೋಲ್ತೈತಿ ಅಂತಲ್ಲ. ಗಾಲಿ ಅಗಲ, ಗಾಳಿ ಕಮ್ಮಿ, 5ರಿಂದ 7 ಪಿಎಸ್ಐ, ಅದಕ್ಕ ಬೈಕ್ ಹುಗಿಯೋ ಜಾಗಾದಾಗ ಇದು ಮ್ಯಾಲೆ ತೇಲಿದಂಗ ಹೊಕ್ಕೈತಿ. ತೊಂದ್ರಿ ಏನಂದ್ರ ಮಣ್ಣು ಗಾಲಿಗೆ ಸುತ್ತಿ ಮಡ್‌ಗಾರ್ಡ್ ತುಂಬತೈತಿ, ರೇಡಿಯೇಟರ್ ಮುಚ್ಚತೈತಿ. ಇಂಜಿನ್ ಕಾಯ್ತೈತಿ. ಎರಿಯಾಗ ಅಡ್ಡಾಡಿ ಬಂದ ದಿನ ತೊಳೀಲಾರದ ನಿಲ್ಲಿಸಿದ್ರ ಮರುದಿನ ಅದು ಇಟ್ಟಂಗಿ ಆಗಿರ್ತೈತಿ.

ಎರಿಹೊಲ (ನವಲಗುಂದ)

ಅಂದ್ರ ಬೆಳಿಗ್ಗೆ ಎಮ್ಮಿ ತೊಳಿ, ಸಂಜಿಕೆ ಗಾಡಿ ತೊಳಿ.

ಮಾವಿನ ತೋಟ (ಹಾನಗಲ್)

ನಾನು ಇಟ್ಟೇನಿ. ನಾಲ್ಕು ವರ್ಷ ಆತು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 500 ಸಿಸಿ ಮ್ಯಾಲಿಂದು. ಹೆಸರು ಹೇಳಂಗಿಲ್ಲ, ಯಾಕಂದ್ರ ಒಳ್ಳೇದೂ ಹೇಳ್ತೇನಿ, ಬೈಯೂದೂ ಐತಿ.

18 ಎಕರೆ ಮಾವು, 4 ಎಕರೆ ಅಡಿಕಿ. ಮಾವಿನ ಗಿಡ 10 ಮೀಟರ್‌ಗೆ ಒಂದು. ಗಾಡಿ ಅಗಲ ನಾಲ್ಕು ಅಡಿ. ಎಲ್ಲಿ ಬೇಕಾದ್ರೂ ತಿರುಗ್ತೈತಿ, ಕೊಂಬಿ ಕೆಳಗ ತಲಿ ಬಗ್ಗಿಸಿ ಹೋಗಬಹುದು, ಟ್ರ್ಯಾಕ್ಟರ್ ಆದ್ರ ಹಣ್ಣು ಉದುರಸ್ಕೋತ ಹೋಗ್ತೈತಿ. ಕಾಯಿ ಹರಿಯೋ ಸೀಜನ್ನಿನಾಗ ಸಣ್ಣ ಟ್ರೇಲರಿಗೆ ಕ್ರೇಟ್ ಹೇರಿ ಗಿಡದ ಬುಡದಿಂದ ಶೆಡ್ಡಿಗೆ ತರ್ತೇವಿ. ಜೂನ್‌ನಾಗ ಮಳಿ ಹಿಡದ ಮ್ಯಾಲೆ ತೋಟ ಸುತ್ತು ಹಾಕಾಕ ಇದರಂಥಾ ಗಾಡಿ ಇಲ್ಲ. ಅಡಿಕಿ ತೋಟದಾಗೂ ಸಾಲಿನ ನಡುವ ಆರಾಮ ಹೊಕ್ಕೈತಿ, ಕಾಲುವಿ ದಾಟೋ ಕಡೆ ಹಲಗಿ ಹಾಕೇನಿ.

ಬೈಯೂದು ಈಗ ಕೇಳ್ರಿ. ಬೆಲ್ಟ್ ಹರೀತು. ಹೊಸಾದು ಬರಾಕ 34 ದಿನ. ನಡು ಸುಗ್ಗಿ. ಈಗ ಎರಡು ಬೆಲ್ಟ್, ಎರಡು ಏರ್ ಫಿಲ್ಟರ್, ಒಂದು ಸೆಟ್ ಬ್ರೇಕ್ ಪ್ಯಾಡ್ ಮನ್ಯಾಗ ಇಟ್ಟಿರ್ತೇನಿ. ನೀವು ಯಾವುದೇ ತಗೋರಿ, ಶೋರೂಮಿನಾಗ ಗಾಡಿ ನೋಡಬ್ಯಾಡ್ರಿ, ಬೆಲ್ಟ್ ಸ್ಟಾಕ್ ಐತೇನು ಅಂತ ಕೇಳ್ರಿ. ಕಪಾಟು ತೆಗದು ತೋರಸ್ರಿ ಅನ್ರಿ.

ಎರಡನೇದು ಜಾಲಿ ಮುಳ್ಳು. ಈ ಗಾಲಿ ಮೆತ್ತಗ. ಬಳ್ಳಾರಿ ಜಾಲಿ ಬೇಲಿ ಇರೋ ಬದುವಿನ ಮ್ಯಾಲೆ ಹೋದ್ರ ವಾರಕ್ಕೊಂದು ಪಂಕ್ಚರ್. ಟ್ಯೂಬ್‌ಲೆಸ್, ಹಂಗಾಗಿ ಬತ್ತಿ ಹಾಕೋ ಕಿಟ್ ಸೀಟಿನ ಕೆಳಗ ಇರಬೇಕು. ಗಾಳಿ ಹಾಕಸಾಕ ಹೆದ್ದಾರಿ ಮ್ಯಾಲಿನ ಪಂಕ್ಚರ್ ಅಂಗಡಿಗೆ ಹೋದ್ರ ಆ ಹುಡುಗ ರೂಢಿ ಪ್ರಕಾರ 30 ತುಂಬ್ತಾನ. ಗಾಡಿ ಚೆಂಡಿನಂಗ ಪುಟೀತೈತಿ. 6 ಪಿಎಸ್ಐ ಅವನ ಮೀಟರಿನಾಗ ಕಾಣೂದೇ ಇಲ್ಲ. ಕಮ್ಮಿ ಗಾಳಿ ಅಳಿಯೋ ಬ್ಯಾರೆ ಮೀಟರ್ ಬರ್ತೈತಿ, ತರಸ್ಕೋರಿ.

ಪೆಟ್ರೋಲ್ ನನಗ ತೋಟದಾಗ ಲೀಟರಿಗೆ ಎಂಟೊಂಬತ್ತು ಕಿಲೋಮೀಟರ್ ಕೊಡ್ತೈತಿ. ಟ್ರೇಲರ್ ಕಟ್ಟಿದ್ರ ಕೇಳಬ್ಯಾಡ್ರಿ.

ಕೃಷಿ ಪದವೀಧರ (ಧಾರವಾಡ)

ಸರ್, ಒಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ಎಟಿವಿಗೆ ಪಿಟಿಒ (ಇಂಜಿನ್ ಬಲದಿಂದ ಬೇರೆ ಯಂತ್ರ ತಿರುಗಿಸುವ ಹಿಂದಿನ ಶಾಫ್ಟ್) ಇಲ್ಲ, ಹಿಂದೆ ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟ್ ಇಲ್ಲ. ಅಂದರೆ ರೋಟವೇಟರ್ ತಿರುಗುವುದಿಲ್ಲ, ಕೂರಿಗೆ ಎತ್ತುವುದಿಲ್ಲ, ರಾಶಿ ಮಷಿನ್ ಓಡುವುದಿಲ್ಲ. ಕಾಗದದ ಮೇಲೆ ಟ್ರ್ಯಾಕ್ಟರ್ ಎಂದು ನೋಂದಣಿಯಾದರೂ ಹೊಲದಲ್ಲಿ ಅದು ಟ್ರ್ಯಾಕ್ಟರ್ ಅಲ್ಲ. ನಿಂತ ಬೆಳೆಯಲ್ಲಿ ಎಡೆ ಹೊಡೆಯಲೂ ಬರುವುದಿಲ್ಲ. ಗಾಡಿ ನಾಲ್ಕು ಅಡಿ ಅಗಲ, ಕಡಲೆ ಸಾಲು 30 ಸೆಂಟಿಮೀಟರ್, ಗೋವಿನಜೋಳ 60. ಬೆಳೆಯ ಸಾಲು ತುಳಿದುಕೊಂಡೇ ಹೋಗಬೇಕು. ತೋಟಕ್ಕೆ ಸರಿ, ಎರೆಯ ಬೆಳೆಗೆ ಅದು ಬರೀ ಓಡಾಟದ ಗಾಡಿ.

ಅದೇ ಹಣದಲ್ಲಿ, ಅಥವಾ ಕಡಿಮೆಯಲ್ಲೇ, ನಾಲ್ಕು ಗಾಲಿ ಎಳೆತದ ಸಣ್ಣ ಟ್ರ್ಯಾಕ್ಟರ್ ಬರುತ್ತದೆ. ಮಹೀಂದ್ರಾ ಜೀವೋ 245, ಕುಬೋಟಾ ನಿಯೋಸ್ಟಾರ್ ಬಿ2441, ಎರಡೂ 24 ಎಚ್‌ಪಿ, ಎರಡೂ ಹಿಂದೆ 750 ಕೆಜಿ ಎತ್ತುತ್ತವೆ. ನಿಂಬೆ, ಮಾವಿಗೆ ಪಿಟಿಒ ಮೇಲೆ ನಡೆಯುವ ಬ್ಲೋವರ್ ಸ್ಪ್ರೇಯರ್ ಕಟ್ಟಬಹುದು, 200 ಲೀಟರ್ ಅದಕ್ಕೆ ಏನೂ ಅಲ್ಲ. ಕಮ್ಮಿ ಬೆಲೆಗೆ ಸ್ವರಾಜ್ ಕೋಡ್ ಇದೆ, 11 ಎಚ್‌ಪಿ, ಪೆಟ್ರೋಲ್, ತರಕಾರಿ ಸಾಲುಗಳ ನಡುವೆ ಹೋಗುವಷ್ಟು ಕಿರಿದು. ಆದರೆ ಕೆಸರಿನಲ್ಲಿ ಭಾರ ಎಳೆಯಲು ಅಲ್ಲ.

ಟ್ರ್ಯಾಕ್ಟರ್ ಸಹಾಯಧನ ಕೇಳುವುದಾದರೆ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ನಿಮ್ಮ ಎರಡೂ ಕಡೆಯ ಸರ್ವೆ ನಂಬರ್ ಜೋಡಣೆಯಾಗಿದೆಯೇ ನೋಡಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಖರೀದಿ ಮಾಡಿ ಆಮೇಲೆ ಹೋದವರು ಬರಿಗೈಲಿ ಬಂದಿದ್ದನ್ನು ನಾನೇ ನೋಡಿದ್ದೇನೆ.

ಗ್ಯಾರೇಜ್ (ಹುಬ್ಬಳ್ಳಿ)

ನೋಂದಣಿ ಮಾತು ಬಂತು ಅಂತ ಹೇಳ್ತೀನಿ. ಮನಿಯಿಂದ ಹೊಲಕ್ಕ ಹೋಗುವಾಗ ಡಾಂಬರು ರಸ್ತೆ ದಾಟ್ತೀರಲ್ರಿ? ಹಂಗಿದ್ರ ಪಾಸ್ ಆಗಲಾರದ ಗಾಡಿ ಬ್ಯಾಡ. ಫಾರ್ಮ್ 21, ಫಾರ್ಮ್ 22 ಎರಡೂ ಕೊಡ್ತೀರೇನು ಅಂತ ಮೊದಲ ಕೇಳ್ರಿ. ತಡಬಡಾಯಿಸಿದ್ರ ಎದ್ದು ಬರ್ರಿ. ನಂಬರ್ ಇಲ್ಲ ಅಂದ್ರ ಇನ್ಶೂರೆನ್ಸ್ ಇಲ್ಲ, ಯಾರಿಗರೆ ಬಡೀತು ಅಂದ್ರ ಹೊಲ ಮಾರಬೇಕಾಗ್ತೈತಿ.

ಮೆಣಸಿನಕಾಯಿ ಅಕ್ಕ (ಬ್ಯಾಡಗಿ)

ಗುಡ್ಡದ ಬುಡ ಅಣ್ಣಾರ, ಇಷ್ಟೊತ್ತು ಎಲ್ಲಾರೂ ಗಾಡಿ ಮಾತಾಡಿದ್ರಿ. ನಾನು ನಿಮ್ಮ ತಂದಿಯವರ ಮಾತು ಆಡ್ತೇನಿ.

ನಮ್ಮ ಮೈದುನ ಇಂಥಾ ಗಾಡಿ ತಂದಿದ್ದ. ಬದು ಓರಿ ಹತ್ತಿಸಿದ. ಬದು ಎಷ್ಟು ಎತ್ತರ ಇತ್ತು? ಎರಡು ಅಡಿ. ಮ್ಯಾಲಿನ ಗಾಲಿ ಎದ್ತು, ಗಾಡಿ ಮಗುಚ್ತು, ಅವ ಕೆಳಗ. ಮೂರು ಕ್ವಿಂಟಾಲ್ ಗಾಡಿ ಮೈಮ್ಯಾಲೆ. ಹೆಗಲ ಎಲುಬು ಮುರದು ಎರಡು ತಿಂಗಳು ಕೈ ಕಟ್ಕೊಂಡು ಕುಂತ. ಮೆತ್ತನ್ನ ಹೊಲ ಇತ್ತು ಅಂತ ಉಳದ. ಆಗ ಅವನಿಗೆ 31 ವರ್ಷ.

ಟ್ರ್ಯಾಕ್ಟರಿನಂಗ ಇದರ ಮ್ಯಾಲೆ ಸುಮ್ಮ ಕೂಡಾಕ ಬರಂಗಿಲ್ಲ. ದಿನ್ನಿ ಹತ್ತುವಾಗ ಮುಂದ ಬಗ್ಗಬೇಕು, ಇಳಿಯುವಾಗ ಹಿಂದ ಸರೀಬೇಕು, ಓರಿ ಇದ್ರ ಎತ್ತರದ ಕಡೆ ಮೈ ಹಾಕಬೇಕು. ಮೊಣಕಾಲು ಪೆಟ್ಟಾದ ಹಿರೇರು ಅದನ್ನ ಹೆಂಗ ಮಾಡ್ತಾರ? ಸೀಟು ಉದ್ದ ಐತಿ ಅಂತ ಮೊಮ್ಮಕ್ಕಳನ್ನ ಹಿಂದ ಕುಂಡ್ರಿಸ್ಕೊಂಡು ಹೊಂಟ್ರಂದ್ರ ಏನ್ ಮಾಡ್ತೀರಿ? ಆ ಉದ್ದ ಸೀಟು ಓಡಿಸೋರು ಹಿಂದ-ಮುಂದ ಸರೀಲಿ ಅಂತ ಇರೋದು, ಇನ್ನೊಬ್ರಿಗಲ್ಲ.

ಕೃಷಿ ಪದವೀಧರ (ಧಾರವಾಡ)

ಅಕ್ಕಾರು ಹೇಳಿದ್ದು ನೂರಕ್ಕೆ ನೂರು ಸರಿ. ಆಸ್ಟ್ರೇಲಿಯಾದಲ್ಲಿ ರೈತರು ಈ ಗಾಡಿಗಳ ಕೆಳಗೆ ಸಿಕ್ಕಿ ಸಾಯುವುದು ಎಷ್ಟು ದೊಡ್ಡ ತಲೆನೋವಾಯಿತೆಂದರೆ, ಮಗುಚಿದರೆ ಓಡಿಸುವವರನ್ನು ಕಾಯುವ ಕಮಾನು ಇಲ್ಲದೆ ಕೆಲಸದ ಹೊಸ ಕ್ವಾಡ್ ಬೈಕ್ (ಇದೇ ನಾಲ್ಕು ಗಾಲಿ ಎಟಿವಿ) ಮಾರುವಂತಿಲ್ಲ ಎಂಬ ನಿಯಮ 2021ರ ಅಕ್ಟೋಬರ್‌ನಿಂದ ಬಂತು. ಅದಕ್ಕೂ ಮೊದಲು, 1988ರಲ್ಲಿ, ಅಮೆರಿಕದಲ್ಲಿ ಮೂರು ಗಾಲಿಯ ಎಟಿವಿ ಮಾರಾಟವನ್ನೇ ನಿಲ್ಲಿಸಿದ್ದರು. ಸ್ಟೀರಿಂಗ್, ಸೀಟ್ ಬೆಲ್ಟ್, ಮೇಲೆ ಚೌಕಟ್ಟು ಇರುವ ಪಕ್ಕಪಕ್ಕ ಕೂರುವ ಗಾಡಿಯೂ ಇದೆ, ಯುಟಿವಿ ಅಂತಾರೆ. ವಯಸ್ಸಾದವರಿಗೆ ಅದು ಮೇಲು. ಆದರೆ ನಿಮ್ಮ ಎಂಟು ಲಕ್ಷಕ್ಕೆ ಅದು ಎಟುಕುವುದಿಲ್ಲ.

ಮಾವಿನ ತೋಟ (ಹಾನಗಲ್)

ಹೆಲ್ಮೆಟ್ ಹಾಕ್ಕೊಂಡು, ಬದು ನೆಟ್ಟಗ ಹತ್ತಿ, ಒಬ್ರೇ ಕುಂತು ಓಡಿಸಿದ್ರ ಏನೂ ಆಗಂಗಿಲ್ಲ. ನಾನು ನಾಲ್ಕು ವರ್ಷ ಓಡಿಸೇನಿ. ಹೆದರಿಸಬ್ಯಾಡ್ರಿ ಅಕ್ಕಾರ.

ಮೆಣಸಿನಕಾಯಿ ಅಕ್ಕ (ಬ್ಯಾಡಗಿ)

ತೋಟದಾಗ ಹೆಲ್ಮೆಟ್ ಹಾಕ್ತೀರೇನು ಅಣ್ಣಾರ? ಖರೆ ಹೇಳ್ರಿ.

ಮಾವಿನ ತೋಟ (ಹಾನಗಲ್)

ಟಾವೆಲ್ ಸುತ್ತತೇನಿ.

ಹಳೇ ಚಕ್ಕಡಿ (ಕುಂದಗೋಳ)

ತಮ್ಮಾ, ನನಗ ನಿನ್ನ ಅಪ್ಪನ ವಯಸ್ಸು. ಒಂದ ಮಾತು ಕೇಳ್ತೇನಿ. ಮನಿಯಿಂದ ಎರಿಹೊಲಕ್ಕ 3 ಕಿಲೋಮೀಟರ್ ಅಂದಿ. ಅದರಾಗ ಗಾಡಿ ಹುಗಿಯೋದು ಎಲ್ಲೆಲ್ಲೆ? ಮೂರೂ ಕಿಲೋಮೀಟರ್ ಹುಗೀತೈತೋ, ಒಂದು ಕಡೆ ಹುಗೀತೈತೋ? ಅಪ್ಪ ಬಿದ್ದದ್ದು ಯಾವ ಜಾಗಾದಾಗ?

ಗುಡ್ಡದ ಬುಡ (ಮುಂಡರಗಿ)

ಕಾಕಾರ, ಎರಡು ಕಿಲೋಮೀಟರ್ ಡಾಂಬರು. ಆಮ್ಯಾಲೆ ಗರಸಿನ ದಾರಿ, ಅದೂ ನಡೀತೈತಿ. ಹಳ್ಳ ದಾಟಿದ ಮ್ಯಾಲೆ ನಮ್ಮ ಹೊಲದ ತನಕ ಬಂಡಿದಾರಿ, ಸುಮಾರು 300 ಮೀಟರ್. ಎರಡೂ ಕಡೆ ಹೊಲ ಎತ್ತರ, ದಾರಿ ತಗ್ಗು. ಜುಲೈಯಿಂದ ಅಕ್ಟೋಬರ್ ತನಕ ಅದು ರಾಡಿ. ಅಪ್ಪ ಬಿದ್ದದ್ದೂ ಅಲ್ಲೇ. ಟ್ರ್ಯಾಕ್ಟರ್ ಹುಗಿದದ್ದೂ ಅಲ್ಲೇ, ಎರಡು ಸಲ.

ಹಳೇ ಚಕ್ಕಡಿ (ಕುಂದಗೋಳ)

ಹಂಗಾದ್ರ ಎಂಟು ಲಕ್ಷ ಆ 300 ಮೀಟರ್ ದಾಟಾಕ. ಒಂದು ಮೀಟರಿಗೆ ಎಷ್ಟಾತು ಲೆಕ್ಕಾ ಹಾಕು.

ನಾವು ಆರು ಮಂದಿ ಬಾಜೂ ಹೊಲದವ್ರು ಸೇರಿ ಇಂಥಾದ್ದೇ ದಾರಿ ಕಟ್ಟೇವಿ. ಮೊದಲನೇ ವರ್ಷ ತಪ್ಪು ಮಾಡಿದ್ವಿ. ಎರಿ ಮ್ಯಾಲೆ ನೆಟ್ಟಗ ಗರಸು ಸುರದ್ವಿ. ಒಂದ ಮಳಿಗಾಲದಾಗ ಗರಸು ಎಲ್ಲಾ ಕೆಳಗ ಕುಂತು, ಎರಿ ಮ್ಯಾಲೆ ಬಂತು. ಎರಿ ಹಂಗ, ನೀರು ಕುಡದು ಉಬ್ಬತೈತಿ, ಒಣಗಿದ್ರ ಬಿರುಕು ಬಿಡ್ತೈತಿ, ಮ್ಯಾಲೆ ಏನಿಟ್ರೂ ನುಂಗತೈತಿ.

ಎರಡನೇ ವರ್ಷ ಜೆಸಿಬಿ ತರಿಸಿ ಮೊದಲ ಎರಡೂ ಬದಿಗೆ ಗಟಾರ ಹೊಡಿಸಿದ್ವಿ, ನೀರು ಹಳ್ಳಕ್ಕ ಹೋಗೂಹಂಗ. ತೆಗದ ಮಣ್ಣು ದಾರಿಗೆ ಹಾಕಲಿಲ್ಲ, ಹೊಲಕ್ಕ ಹಾಕಿದ್ವಿ. ತಳಕ್ಕ ದಪ್ಪ ಕಲ್ಲು, ಅದರ ಮ್ಯಾಲೆ ಗರಸು, ನಡು ಎತ್ತರ, ಬದಿ ಇಳಿಜಾರು, ಆಮೇಲೆ ರೋಲರ್. ಬ್ಯಾಸಗಿಯಾಗ ಮಾಡಬೇಕು, ಒಣಾ ಇದ್ದಾಗ. ಐದು ವರ್ಷ ಆತು, ನನ್ನ ಎಕ್ಸೆಲ್ ಗಾಡಿ ಮ್ಯಾಲೆ ಎರಡು ಚೀಲ ಹಾಕ್ಕೊಂಡು ಮಳಿಯಾಗ ಹೊಕ್ಕೇನಿ. ಜಗಳ ಆಗೂದು ಗಟಾರಕ್ಕ ಒಂದೊಂದು ಮೊಳ ಜಾಗಾ ಬಿಡೂದರಾಗ. ಅದಕ್ಕ ಚಹಾ ಕುಡಿಸಬೇಕು, ಎರಡು ಮೂರು ಸಲ.

ಪಂಚಾಯ್ತಿಗೂ ಒಂದು ಅರ್ಜಿ ಕೊಡು. ಮೊದಲ ‘ನಮ್ಮ ಹೊಲ ನಮ್ಮ ದಾರಿ’ ಅಂತ ಇಂಥಾ ದಾರಿಗೇ ಒಂದು ಯೋಜನಾ ಇತ್ತು. ಈಗ ಏನೈತಿ ಪಿಡಿಒ ಹೇಳ್ತಾರ. ಆದ್ರ ಅವ್ರ ದಾರಿ ಕಾಯ್ಕೋತ ಕುಂದ್ರಬ್ಯಾಡ.

ಗ್ಯಾರೇಜ್ (ಹುಬ್ಬಳ್ಳಿ)

ಕಾಕಾರು ನನ್ನ ಗಿರಾಕಿ ಕೆಡಿಸಿದ್ರು. ಆದ್ರ ಸರಿ ಐತಿ.

ಎರಿಹೊಲ (ನವಲಗುಂದ)

ಇನ್ನೊಂದು ಮಾತು. ಹೊಲ ಗುಡ್ಡದ ಬುಡಕ್ಕ ಅಂದ್ರಿ. ಕಪ್ಪತಗುಡ್ಡ 2019ರಾಗ ವನ್ಯಜೀವಿ ಧಾಮ ಆಗೈತಿ. ಎಟಿವಿ ಬಂತಂದ್ರ ಊರಿನ ಹುಡುಗ್ರು ಒಂದು ರೌಂಡ್ ಕೊಡ್ರಿ ಅಂತ ಗುಡ್ಡದ ಕಡೆನೇ ತಿರುಗಸ್ತಾರ. ಅರಣ್ಯ ಇಲಾಖೆಯವ್ರು ಗಾಡಿ ಮಾಲಕನ್ನ ಹುಡುಕ್ತಾರ, ಹುಡುಗ್ರನ್ನಲ್ಲ.

ಗುಡ್ಡದ ಬುಡ (ಮುಂಡರಗಿ)

ಮೂರು ವಾರ ಆದ ಮ್ಯಾಲೆ ಬರೀಲಾಕತ್ತೇನಿ, ತಡಾ ಆತು, ಕ್ಷಮಿಸ್ರಿ.

ಹಾನಗಲ್ಲಿನ ಅಣ್ಣಾರು ಮೆಸೇಜ್ ಮಾಡಿ ಕರದ್ರು, ಅಪ್ಪನ್ನ ಕರಕೊಂಡು ಹೋಗಿದ್ದೆ. ಮಾವಿನ ತೋಟದಾಗ ಗಾಡಿ ಕೊಟ್ರು. ನಾನು ಓಡಿಸಿದೆ, ಮನಸ್ಸು ಹಾರಿಹೋತು, ಸುಳ್ಳು ಯಾಕ ಹೇಳ್ಲಿ. ಅಪ್ಪ ಹತ್ತಿದ. ಹತ್ತಾಕೇ ಕಷ್ಟ, ಎಮ್ಮಿ ಮ್ಯಾಲೆ ಕುಂತಂಗ ಕಾಲು ಅಗಲ ಆಗ್ತಾವ ಅಂದ. ಎರಡು ಸುತ್ತು ಹಾಕಿ ಇಳದ ಮ್ಯಾಲೆ ಬಲಗೈ ಹೆಬ್ಬೆರಳು ಒತ್ಕೊಂತ ನಿಂತ. ಈ ಗಾಡಿಗೆ ಬೈಕಿನಂಗ ತಿರುವೋ ಎಕ್ಸಲೇಟರ್ ಇಲ್ಲ, ಹೆಬ್ಬೆರಳಿಲೆ ಒತ್ತಿ ಹಿಡೀಬೇಕು. ಅವಗ ಮೊದಲ ಬೆರಳಿನ ಗಂಟು ನೋವು ಐತಿ. ಇದು ಯಾವ ಬ್ರೋಶರಿನಾಗೂ ಇರಂಗಿಲ್ರಿ. ಹಿರೇರಿಗೆ ಅಂತ ತಗೊಳ್ಳೋರು ಹತ್ತು ನಿಮಿಷ ಅವ್ರ ಕೈಯಾಗೇ ಕೊಟ್ಟು ನೋಡ್ರಿ.

ಬರುವಾಗ ಅಪ್ಪ ಒಂದ ಮಾತು ಅಂದ: “ನನಗ ಗಾಡಿ ಬ್ಯಾಡೋ, ಆ ರಾಡಿ ಒಂದು ಇಲ್ಲದಂಗ ಮಾಡು.” ಕುಂದಗೋಳದ ಕಾಕಾರು ಬರದದ್ದನ್ನ ನಾನು ಅವಗ ಓದಿ ಹೇಳಿರಲಿಲ್ಲ.

ಬಾಜೂ ಹೊಲದ ನಾಲ್ಕು ಮಂದಿನ್ನ ಕೂಡಿಸಿದ್ವಿ. ಮೂರು ಮಂದಿ ಒಪ್ಯಾರ. ಒಬ್ರು ಗಟಾರಕ್ಕ ಜಾಗಾ ಬಿಡಾಕ ಇನ್ನೂ ಒಲ್ಲೆ ಅಂತಾರ, ಚಹಾ ನಡದೈತಿ. ಟ್ಯಾಂಕ್, ಮೇವು, ಗೊಬ್ಬರಕ್ಕ 24 ಎಚ್‌ಪಿ ನಾಲ್ಕು ಗಾಲಿ ಎಳೆತದ ಟ್ರ್ಯಾಕ್ಟರ್ ನೋಡಾಕತ್ತೇನಿ, ಸೆಪ್ಟೆಂಬರಿನಾಗ ಧಾರವಾಡ ಕೃಷಿ ಮೇಳದಾಗ ಎರಡು ಮೂರು ಕಂಪನಿದು ಒಂದೇ ಕಡೆ ನೋಡಿ ಮುಗಸ್ತೇನಿ. ದಾರಿ ಆದ್ರ ಅಪ್ಪಗ ಮೂರು ಗಾಲಿ ಬ್ಯಾಟರಿ ಗಾಡಿ ಸಾಕು ಅಂತ ಹೆಂಡ್ತಿ ಅಂತಾಳ.

ಗ್ಯಾರೇಜ್ (ಹುಬ್ಬಳ್ಳಿ)

ಟ್ರ್ಯಾಕ್ಟರ್ ತಗೊಂಡ್ರ ಹಲ್ಲಿನ ಗಾಲಿದು ತಗೋರಿ, ಹುಲ್ಲಿನ ಮೈದಾನಕ್ಕ ಹಾಕೋ ನುಣ್ಣನ್ನ ಗಾಲಿ ಕೊಡಾಕ ಬರ್ತಾರ, ಎರಿಯಾಗ ಅದು ಸಬಕಾರ (ಸಾಬೂನು) ಆಗ್ತೈತಿ. ಸ್ಪ್ರೇಯರ್ ಪಂಪ್ 540 ಆರ್‌ಪಿಎಂ ಪಿಟಿಒಗೆ ಹೊಂದ್ತೈತೇನು ನೋಡ್ರಿ. ಬ್ಯಾಟರಿ ಮೂರು ಗಾಲಿದು ಗರಸಿನ ದಾರಿಗೆ ತಗೊಳ್ಳೂಕಿಂತ ಮೊದಲ ಒಂದು ಸಲ ನನಗ ಫೋಟೋ ಕಳಸ್ರಿ, ಮುಂದಿನ ಫೋರ್ಕ್ ನೋಡಿ ಹೇಳ್ತೀನಿ.

ಮಾವಿನ ತೋಟ (ಹಾನಗಲ್)

ನಿಮ್ಮ ಅಪ್ಪಾರು ತೋಟಕ್ಕ ಬಂದು ಊರಿಗೆ ತಿರುಗಿ ಹೋದ ಮ್ಯಾಲೆ ನಾನೂ ಒಂದು ಹೆಲ್ಮೆಟ್ ತಂದೆ. ಅಕ್ಕಾರಿಗೆ ಹೇಳ್ರಿ.

ಗುಡ್ಡದ ಬುಡ (ಮುಂಡರಗಿ)

ಕಲ್ಲು ಬುಧವಾರ ಬರ್ತಾವ. ದಾರಿ ಆದ ಕೂಡ್ಲೆ ಫೋಟೋ ಹಾಕ್ತೇನಿ.

ಎರಿಹೊಲ (ನವಲಗುಂದ)

ಮಳಿ ಆದ ಮ್ಯಾಲಿಂದು ಹಾಕ್ರಿ ಅಣ್ಣಾರ. ಒಣಾ ದಾರಿ ಫೋಟೋ ಯಾರಿಗೆ ಬೇಕು.